ಕಪ್ಪು ಹಚ್ಚಿದರೂ ಹೋಗದ ಆಕಾಶ

ಪ್ರಶ್ನೆ: "ನಮಸ್ಕಾರ ಸರ್. ನಾನು ಕಟಪಾಡಿಯವಳು. ನಮ್ಮದು ಸಣ್ಣ ಸ್ಟುಡಿಯೋ. ಅಣ್ಣ ಫೋಟೋ ತೆಗೆಯುತ್ತಾನೆ, ಎಡಿಟಿಂಗ್ ಮತ್ತು ಆಲ್ಬಮ್ ನನ್ನ ಕೆಲಸ. ಜೂನ್‌ನಲ್ಲಿ ಒಂದು ಜೋಡಿಯ ಔಟ್‌ಡೋರ್ ಶೂಟ್ ಕಾಪು ಬೀಚಿನಲ್ಲಿ ಮಾಡಿದೆವು. ಮಳೆ ಬಿಟ್ಟಿತ್ತು, ಆದರೆ ಆಕಾಶ ಬರೀ ಬಿಳಿ. ಹುಡುಗಿಯ ಮನೆಯವರು 'ಸಂಜೆಯ ಆಕಾಶ ಹಾಕಿಕೊಡಿ' ಅಂದರು. ಫೋಟೋಶಾಪ್‌ನಲ್ಲಿ ಹೊಸ ಆಕಾಶವನ್ನು ಇನ್ನೊಂದು ಲೇಯರ್ (ಪದರ) ಆಗಿ ಮೇಲಿಟ್ಟು, ಬೇಡದ ಕಡೆ ಅದನ್ನು ಮರೆ ಮಾಡಲು ಲೇಯರ್ ಮಾಸ್ಕ್ ಹಾಕಿದೆ. ಆಮೇಲೆ ಶುರುವಾಯಿತು ನೋಡಿ. ಕೆಲವು ಫೋಟೋದಲ್ಲಿ ಬ್ರಷ್‌ನಿಂದ ಕಪ್ಪು ಎಷ್ಟು ಹಚ್ಚಿದರೂ ಎಂತದೂ ಆಗುವುದಿಲ್ಲ. ಕೆಲವು ಕಡೆ ಮುಖದ ಮೇಲೆ ಮೋಡ ತೆಳುವಾಗಿ ಉಳಿಯುತ್ತದೆ. ತೆಂಗಿನ ಗರಿಗಳ ಸುತ್ತ, ಮುಡಿದ ಮಲ್ಲಿಗೆಯ ಸುತ್ತ ಬಿಳಿ ಗೆರೆ. ಮೋಡ ಸ್ವಲ್ಪ ಕೆಳಗೆ ಬರಲಿ ಎಂದು ಎಳೆದರೆ ಹುಡುಗನ ತಲೆಯೇ ಮಾಯ! ಒಂದು ಫೋಟೋವನ್ನು ಜೆಪೆಗ್ ಮಾಡಿ ಇಟ್ಟಿದ್ದೆ, ಮತ್ತೆ ತೆರೆದರೆ ಮಾಸ್ಕೇ ಇಲ್ಲ. ಅಣ್ಣನ ಸ್ನೇಹಿತರೊಬ್ಬರು 'ಮಾಸ್ಕ್ ಹಾಕಿದರೆ ಕ್ವಾಲಿಟಿ ಹೋಗುತ್ತದೆ, ಇರೇಸರ್ ಸಾಕು, ಅದೂ ಆಗದಿದ್ದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿ' ಅನ್ನುತ್ತಾರೆ. ಆಟಿ ಮುಗಿಯುವುದರೊಳಗೆ ಆಲ್ಬಮ್ ಕೊಡಬೇಕು. ಏನು ಮಾಡಲಿ?"

ಉತ್ತರ: ಆಟಿ ತಿಂಗಳಲ್ಲಿ ಮದುವೆ ಇಲ್ಲ. ಹಾಗಾಗಿ ನಮ್ಮ ಕಡೆಯ ಸ್ಟುಡಿಯೋಗಳು ಬಾಕಿ ಆಲ್ಬಮ್ ಮುಗಿಸುವುದು ಆಗಲೇ. ಮಂಗಳೂರಿನಲ್ಲಿ ಕೂತು ಆಲ್ಬಮ್ ಡಿಸೈನ್ ಮಾಡುವ ನನಗೂ ಇಂಥ ಪ್ರಶ್ನೆಗಳು ಜಾಸ್ತಿ ಬರುವುದು ಆ ಹೊತ್ತಿಗೇ. ನಿಮ್ಮ ಪತ್ರ ಒಳ್ಳೆಯದಾಯಿತು, ಎಲ್ಲ ತೊಂದರೆಗಳೂ ಒಂದೇ ಕಡೆ ಸಿಕ್ಕಿವೆ.

ಆದರೆ ಇವೆಲ್ಲ ಒಂದೇ ಜಾತಿಯ ತೊಂದರೆಗಳಲ್ಲ. ಹೆಚ್ಚಿನವು ಬ್ರಷ್ ಎಲ್ಲಿ ಓಡುತ್ತಿದೆ ಎಂಬ ಗೊಂದಲ. ಗೊತ್ತಾದರೆ ನಿಮಿಷದಲ್ಲಿ ಸರಿಹೋಗುತ್ತವೆ. ಬಿಳಿ ಗೆರೆ ಮಾತ್ರ ಬೇರೆ. ಅದು ಮಾಸ್ಕಿನ ತಪ್ಪೇ ಅಲ್ಲ. ಅದಕ್ಕಾಗಿ ಮಾಸ್ಕನ್ನು ತಿದ್ದುತ್ತಾ ಕೂತರೆ ಬೆಳಗಾದರೂ ಮುಗಿಯುವುದಿಲ್ಲ.

ಮೊದಲು ಅಣ್ಣನ ಸ್ನೇಹಿತರ ಮಾತು. ಮಾಸ್ಕ್ ಹಾಕಿದರೆ ಕ್ವಾಲಿಟಿ ಹೋಗುವುದಿಲ್ಲ. ಮಾಸ್ಕ್ ನಿಮ್ಮ ಫೋಟೋದ ಒಂದು ಪಿಕ್ಸೆಲನ್ನೂ ಮುಟ್ಟುವುದಿಲ್ಲ, ಸುಮ್ನೆ ಮರೆ ಮಾಡುತ್ತದೆ. ಯಕ್ಷಗಾನದಲ್ಲಿ ವೇಷದ ಮುಂದೆ ತೆರೆ ಹಿಡಿಯುತ್ತಾರಲ್ಲ, ಹಾಗೆ. ತೆರೆ ಸರಿಸಿದರೆ ವೇಷ ಅಲ್ಲೇ ಇರುತ್ತದೆ. ಇರೇಸರ್ ಹಾಗಲ್ಲ, ವೇಷಧಾರಿಯನ್ನೇ ಮನೆಗೆ ಕಳಿಸಿಬಿಡುತ್ತದೆ. ಫೈಲ್ ಮುಚ್ಚಿದ ಮೇಲೆ ವಾಪಸ್ ಕರೆಯಲು ಆಗುವುದಿಲ್ಲ. ಅವರ ಮಾತಿನಲ್ಲಿ ಇರುವ ನಿಜ ಇಷ್ಟು: ಮಾಸ್ಕ್ ಇದ್ದರೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ. ಕಲರ್ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಚಾನೆಲ್ ಇರುತ್ತವೆ, ಮಾಸ್ಕ್ ಇನ್ನೊಂದು ಚಾನೆಲ್ ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಹಾಳಾಗಿ ಪರದೆಯಲ್ಲಿ ಬ್ರಷ್ ವಿಚಿತ್ರವಾಗಿ ಕಾಣುವುದು ಉಂಟು. ಆದರೆ ನೀವು ಬರೆದ ಲಕ್ಷಣ ಯಾವುದೂ ಅದರದ್ದಲ್ಲ. ದುಡ್ಡು ಉಳಿಸಿಕೊಳ್ಳಿ.

ಇನ್ನೊಂದು ಮಾತು ಈಗೀಗ ಕೇಳಿಬರುತ್ತದೆ: "ಎಲ್ಲ ಎಐ ಮಾಡುತ್ತದೆ, ಮಾಸ್ಕ್ ಯಾರಿಗೆ ಬೇಕು?" 2020ರ ಅಕ್ಟೋಬರ್‌ನಲ್ಲಿ ಫೋಟೋಶಾಪ್‌ಗೆ ಆಕಾಶ ಬದಲಿಸುವ ಸೌಲಭ್ಯ ಬಂತು, ಅದು ಚೆನ್ನಾಗಿಯೇ ಇದೆ. ಆದರೆ ಅದು ಕೊನೆಗೆ ನಿಮ್ಮ ಕೈಗೆ ಕೊಡುವುದು ಒಂದು ಗ್ರೂಪ್, ಅದರೊಳಗೆ ಲೇಯರ್‌ಗಳು, ಅವುಗಳಿಗೆ ಮಾಸ್ಕ್‌ಗಳು. ಕೆಟ್ಟರೆ ತಿದ್ದಬೇಕಾದವರು ನೀವೇ.

ಈಗ ಮುಖ್ಯ ವಿಷಯ. ಮಾಸ್ಕ್ ಎಂದರೆ ಇನ್ನೊಂದು ಫೋಟೋ. ಬಣ್ಣ ಇಲ್ಲದ, ಕಪ್ಪು ಬಿಳುಪಿನ ಫೋಟೋ. ಬಿಳಿ ಇದ್ದಲ್ಲಿ ಆ ಲೇಯರ್ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅರ್ಧಂಬರ್ಧ. ಇದು ಎಲ್ಲರಿಗೂ ಗೊತ್ತು. ಆದರೆ ತೊಂದರೆ ಬಂದಾಗ ಆ ಕಪ್ಪು ಬಿಳುಪಿನ ಫೋಟೋವನ್ನು ತೆರೆದು ನೋಡುವವರು ಕಡಿಮೆ. ಎಲ್ಲರೂ ಬಣ್ಣದ ಫೋಟೋವನ್ನೇ ದಿಟ್ಟಿಸಿ "ಇಲ್ಲಿ ಎಂತಕ್ಕೆ ಹೀಗಾಯಿತು" ಎಂದು ಊಹೆ ಮಾಡುತ್ತಾರೆ. ಊಹೆ ಬೇಡ. ಆಲ್ಟ್ ಒತ್ತಿಕೊಂಡು ಮಾಸ್ಕಿನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿ. ಪರದೆ ತುಂಬ ಮಾಸ್ಕ್ ಮಾತ್ರ ಕಾಣುತ್ತದೆ. ಬಿಟ್ಟುಹೋದ ಚುಕ್ಕೆ, ಬ್ರಷ್ ಜಾರಿದ ಗೆರೆ, ಎಲ್ಲೋ ಮೂಲೆಯಲ್ಲಿ ಹಚ್ಚಿದ ಬೂದು, ಎಲ್ಲ ಬಯಲಾಗುತ್ತದೆ. ಮತ್ತೆ ಹಾಗೆಯೇ ಕ್ಲಿಕ್ ಮಾಡಿದರೆ ಫೋಟೋ ವಾಪಸ್.

ಫೋಟೋ, ಮಾಸ್ಕ್ ಎರಡೂ ಒಟ್ಟಿಗೆ ಕಾಣಬೇಕಾದರೆ ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿ. ಮರೆಯಾದ ಜಾಗದ ಮೇಲೆ ಕೆಂಪು ಪರದೆ ಬರುತ್ತದೆ. ಹಿಂದೆ ಆಫ್‌ಸೆಟ್ ಕೆಲಸದಲ್ಲಿ ಕೆಂಪು ಫಿಲ್ಮನ್ನು ಬ್ಲೇಡಿನಲ್ಲಿ ಕತ್ತರಿಸಿ ಹೀಗೇ ಮರೆ ಮಾಡುತ್ತಿದ್ದರು, ಪ್ಲೇಟ್ ಮಾಡುವ ಫಿಲ್ಮಿಗೆ ಕೆಂಪು ಬೆಳಕು ತಾಗದು ಎಂಬ ಕಾರಣಕ್ಕೆ. ಹಳೆ ಪ್ರೆಸ್ಸಿನವರಿಗೆ ಆ ಬಣ್ಣ ನೋಡಿದ ಕೂಡಲೇ ಗೊತ್ತಾಗುತ್ತದೆ.

ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಬಳಸುವವರಿಗೂ ಆಲ್ಟ್ ಕ್ಲಿಕ್ಕೇ. ಅಲ್ಲಿ ಮಾಸ್ಕ್ ಮಾತ್ರ ಕಾಣುವಾಗ ಅದರ ಚಿಕ್ಕ ಚಿತ್ರದ ಅಂಚು ಹಸಿರಾಗುತ್ತದೆ, ಮಾಸ್ಕ್ ಆಫ್ ಆಗಿದ್ದರೆ ಕೆಂಪಾಗುತ್ತದೆ.

ಇನ್ನು "ಎಷ್ಟು ಹಚ್ಚಿದರೂ ಎಂತದೂ ಆಗುವುದಿಲ್ಲ" ಎನ್ನುವುದು. ನಿಮ್ಮ ಕಂಪ್ಯೂಟರ್ ಮುಂದೆ ನಾನು ಕೂತಿದ್ದರೆ ಮೊದಲು ನೋಡುವುದು ಫೈಲಿನ ಹೆಸರು ಬರುವ ಟ್ಯಾಬ್. ಮಾಸ್ಕ್ ಆಯ್ಕೆಯಾಗಿದ್ದರೆ ಅಲ್ಲಿ ಹೆಸರಿನ ಪಕ್ಕ ಲೇಯರ್ ಮಾಸ್ಕ್ ಎಂದು ಬರೆದಿರುತ್ತದೆ. ಇಲ್ಲವಾದರೆ ನೀವು ಆಕಾಶದ ಮೇಲೇ ಕಪ್ಪು ಬಳಿಯುತ್ತಿದ್ದೀರಿ ಎಂದರ್ಥ. ಲೇಯರ್ ಪ್ಯಾನೆಲ್‌ನಲ್ಲಿ ಎರಡು ಚಿಕ್ಕ ಚಿತ್ರಗಳು ಪಕ್ಕಪಕ್ಕ ಇರುತ್ತವೆ, ಯಾವುದಕ್ಕೆ ಚೌಕಟ್ಟು ಇದೆಯೋ ಬ್ರಷ್ ಅದರ ಮೇಲೆ ಓಡುತ್ತದೆ. ಚೌಕಟ್ಟು ತೆಳು, ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನನಗೆ ಟ್ಯಾಬ್ ಮೇಲೆ ನಂಬಿಕೆ.

ಎರಡನೆಯದು ಡಿ ಕೀ. ಬಣ್ಣವನ್ನು ಮೊದಲಿನಂತೆ ಮಾಡಲು ಎಲ್ಲರೂ ಅದನ್ನು ಒತ್ತುತ್ತಾರೆ. ಫೋಟೋದ ಮೇಲೆ ಇರುವಾಗ ಒತ್ತಿದರೆ ಬ್ರಷ್ ಹಚ್ಚುವ ಬಣ್ಣ ಕಪ್ಪು. ಮಾಸ್ಕಿನ ಮೇಲೆ ಇರುವಾಗ ಒತ್ತಿದರೆ ಬಿಳಿ! ಬಿಳಿ ಮಾಸ್ಕಿನ ಮೇಲೆ ಬಿಳಿ ಹಚ್ಚಿದರೆ ಏನಾಗಬೇಕು? ಎಕ್ಸ್ ಒತ್ತಿ, ಬಣ್ಣ ಅದಲುಬದಲಾಗುತ್ತದೆ.

ಅದೂ ಸರಿ ಇದ್ದರೆ ಎಲ್ಲೋ ಒಂದು ಸೆಲೆಕ್ಷನ್ (ಮೊದಲು ಆಯ್ಕೆ ಮಾಡಿದ ಭಾಗ) ಉಳಿದಿರಬಹುದು. ಝೂಮ್ ಮಾಡಿಕೊಂಡು ಕೆಲಸ ಮಾಡುವಾಗ ಅದು ಪರದೆಯ ಹೊರಗೆ ಇರುತ್ತದೆ, ಅದರ ಹೊರಗಡೆ ಬ್ರಷ್ ಓಡುವುದಿಲ್ಲ. ಕಂಟ್ರೋಲ್ ಡಿ ಒತ್ತಿದರೆ ಹೋಗುತ್ತದೆ. ಮಾಸ್ಕಿನ ಮೇಲೆ ಕೆಂಪು ಗುಣಿಸುವ ಗುರುತು ಇದ್ದರೆ ಶಿಫ್ಟ್ ಕ್ಲಿಕ್ ಮಾಡಿ ಅದನ್ನು ಆಫ್ ಮಾಡಿಕೊಂಡಿದ್ದೀರಿ, ಮತ್ತೊಮ್ಮೆ ಹಾಗೇ ಮಾಡಿದರೆ ಆನ್. ಸ್ಮಾರ್ಟ್ ಫಿಲ್ಟರ್ (ಮೂಲ ಚಿತ್ರ ಕೆಡಿಸದೆ ಹಾಕುವ ಫಿಲ್ಟರ್) ಬಳಸಿದ್ದರೆ ಅದಕ್ಕೂ ಒಂದು ಬಿಳಿ ಮಾಸ್ಕ್ ಇರುತ್ತದೆ. ಅದರ ಮೇಲೆ ಕಪ್ಪು ಹಚ್ಚಿದರೆ ಫಿಲ್ಟರ್ ಮಾತ್ರ ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಪೆನ್ ಟೂಲಿನಲ್ಲಿ ಮಾಡಿದ ವೆಕ್ಟರ್ ಮಾಸ್ಕ್ ಮೇಲೂ ಬ್ರಷ್ ನಡೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಇದು: ಮಾಸ್ಕ್ ಕೆಲಸ ಮಾಡುತ್ತಿರುತ್ತದೆ, ಆದರೆ ಕೆಳಗೆ ಅದೇ ಲೇಯರಿನ ಇನ್ನೊಂದು ಕಾಪಿ ಇರುತ್ತದೆ. ಸುರಕ್ಷಿತವಾಗಿರಲಿ ಎಂದು ಕಂಟ್ರೋಲ್ ಜೆ ಒತ್ತಿ ಕಾಪಿ ಮಾಡಿರುತ್ತೀರಿ. ಮೇಲಿನ ಆಕಾಶ ಮರೆಯಾದ ಜಾಗದಲ್ಲಿ ಕೆಳಗಿನ ಅದೇ ಆಕಾಶ ಇಣುಕುತ್ತದೆ. ನೋಡುವವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಕೆಳಗಿನ ಲೇಯರ್‌ಗಳ ಕಣ್ಣಿನ ಗುರುತು ಒಂದೊಂದಾಗಿ ಮುಚ್ಚಿ ನೋಡಿ, ಕಳ್ಳ ಸಿಗುತ್ತಾನೆ.

ಮುಖದ ಮೇಲೆ ತೆಳುವಾಗಿ ಉಳಿಯುವ ಮೋಡ ಅಂದರೆ ಅಲ್ಲಿ ಕಪ್ಪು ಪೂರ್ತಿ ಕಪ್ಪಾಗಿಲ್ಲ. ಬ್ರಷ್ ಹಿಡಿದಾಗ ಕೈತಪ್ಪಿ 3 ಒತ್ತಿದರೆ ಅಪಾಸಿಟಿ, ಅಂದರೆ ಬಣ್ಣದ ದಟ್ಟತನ, ಶೇ 30 ಆಗುತ್ತದೆ. 0 ಒತ್ತಿದರೆ ಶೇ 100. ಶಿಫ್ಟ್ ಜೊತೆ ಒತ್ತಿದರೆ ಬದಲಾಗುವುದು ಫ್ಲೋ, ಅಂದರೆ ಬ್ರಷ್‌ನಿಂದ ಬಣ್ಣ ಇಳಿಯುವ ಪ್ರಮಾಣ. ಎರಡನ್ನೂ ಮೇಲಿನ ಪಟ್ಟಿಯಲ್ಲಿ ನೋಡಿ. ಗಾಢ ಬೂದು ಮತ್ತು ಕಪ್ಪಿನ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ಮಾಸ್ಕನ್ನು ಆಲ್ಟ್ ಕ್ಲಿಕ್ ಮಾಡಿ ತೆರೆದು, ಲೆವೆಲ್ಸ್ (ಕಪ್ಪು ಬಿಳುಪು ಹೊಂದಿಸುವ ಆಯ್ಕೆ) ಹಾಕಿ, ಕಪ್ಪಿನ ಸ್ಲೈಡರನ್ನು ಸ್ವಲ್ಪ ಒಳಗೆ ಎಳೆಯಿರಿ. ಉಳಿದ ಬೂದು ಕಪ್ಪಿಗೆ ಇಳಿಯುತ್ತದೆ. ಜಾಸ್ತಿ ಎಳೆದರೆ ಕೂದಲಿನ ಮೃದು ಅಂಚು ಗರಗಸದ ಹಾಗೆ ಆಗುತ್ತದೆ, ಅದಕ್ಕೆ ಮುಖದ ಭಾಗವನ್ನು ಮಾತ್ರ ಸೆಲೆಕ್ಟ್ ಮಾಡಿಕೊಂಡು ಮಾಡಿ. ಮಾಸ್ಕ್ ಪೂರ್ತಿ ಕಪ್ಪಾಗಿದ್ದೂ ಮೋಡ ಕಂಡರೆ ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಡೆನ್ಸಿಟಿ ನೋಡಿ. ಅದು ಶೇ 100ಕ್ಕಿಂತ ಕಡಿಮೆ ಇದ್ದರೆ ಎಷ್ಟು ಕಪ್ಪು ಹಚ್ಚಿದರೂ ಪೂರ್ತಿ ಮರೆಯಾಗುವುದಿಲ್ಲ.

ಹುಡುಗನ ತಲೆ ಮಾಯವಾದ ವಿಷಯಕ್ಕೆ ನಗು ಬಂತು, ಕ್ಷಮಿಸಿ. ಲೇಯರಿನ ಚಿತ್ರ ಮತ್ತು ಮಾಸ್ಕಿನ ನಡುವೆ ಸಣ್ಣ ಸರಪಳಿ ಗುರುತು ಇರುತ್ತದೆ. ಅದು ಇದ್ದರೆ ಎರಡೂ ಒಟ್ಟಿಗೆ ಚಲಿಸುತ್ತವೆ. ನೀವು ಮೋಡವನ್ನು ಕೆಳಗೆ ಎಳೆದಾಗ ತಲೆಯ ಆಕಾರದ ಕಪ್ಪು ಕೂಡ ಕೆಳಗೆ ಹೋಯಿತು, ತಲೆ ಇದ್ದಲ್ಲಿ ಆಕಾಶ ಬಂತು. ಸರಪಳಿಯ ಮೇಲೆ ಕ್ಲಿಕ್ ಮಾಡಿ ಬಿಡಿಸಿ, ಆಕಾಶದ ಚಿತ್ರವನ್ನು ಆಯ್ಕೆ ಮಾಡಿ, ಆಮೇಲೆ ಎಳೆಯಿರಿ. ನನ್ನ ಅಭ್ಯಾಸ ಬೇರೆ: ಆಕಾಶವನ್ನು ಒಂದು ಗ್ರೂಪಿನೊಳಗೆ ಇಟ್ಟು ಮಾಸ್ಕನ್ನು ಗ್ರೂಪಿಗೆ ಹಾಕುತ್ತೇನೆ. ಒಳಗಿನ ಆಕಾಶವನ್ನು ಹೇಗೆ ಬೇಕಾದರೂ ಎಳೆಯಬಹುದು, ಬೇರೆ ಆಕಾಶ ತಂದು ಹಾಕಬಹುದು, ಮಾಸ್ಕ್ ಅಲುಗುವುದಿಲ್ಲ. ಮನೆಯವರು ಮೂರು ಸಲ ಆಕಾಶ ಬದಲಿಸಲು ಹೇಳುವುದು ಗ್ಯಾರಂಟಿ ತಾನೇ? ಈಗಾಗಲೇ ಜಾರಿದ ಮಾಸ್ಕಿಗೆ ಸರಪಳಿ ಬಿಡಿಸಿ, ಮಾಸ್ಕನ್ನು ಆಯ್ಕೆ ಮಾಡಿ, ಬ್ಯಾಕ್‌ಸ್ಲ್ಯಾಶ್ ಒತ್ತಿ, ಕೆಂಪು ಆಕಾರ ಸರಿಯಾಗಿ ಕೂರುವವರೆಗೆ ಮೂವ್ ಟೂಲಿನಿಂದ ಸರಿಸಿ.

ಈಗ ಬಿಳಿ ಗೆರೆ. ಇದಕ್ಕೆ ಸ್ವಲ್ಪ ಸಮಯ ಕೊಡಬೇಕು.

ತೆಂಗಿನ ಗರಿಯ ಅಂಚನ್ನು ತುಂಬ ಹತ್ತಿರದಿಂದ ನೋಡಿ. ಒಂದು ಪಿಕ್ಸೆಲ್ ಗರಿ, ಪಕ್ಕದ ಪಿಕ್ಸೆಲ್ ಆಕಾಶ ಎಂದು ಕತ್ತರಿಸಿದ ಹಾಗೆ ಇರುವುದಿಲ್ಲ. ನಡುವೆ ಒಂದೆರಡು ಪಿಕ್ಸೆಲ್‌ಗಳಲ್ಲಿ ಗರಿಯ ಹಸಿರು ಮತ್ತು ಆಕಾಶದ ಬಿಳಿ ಬೆರೆತಿರುತ್ತವೆ. ಕ್ಯಾಮೆರಾ ಕ್ಲಿಕ್ ಮಾಡಿದ ಕ್ಷಣದಲ್ಲೇ ಆದ ಬೆರಕೆ ಅದು. ಮಳೆಗಾಲದ ಆಕಾಶ ಓವರ್ ಎಕ್ಸ್‌ಪೋಸ್ ಆಗಿದ್ದರೆ ಆ ಬಿಳಿ ಗರಿಯನ್ನು ಇನ್ನಷ್ಟು ತಿಂದಿರುತ್ತದೆ. ಕ್ಯಾಮೆರಾದ ಜೆಪೆಗ್‌ನಲ್ಲಿ ಶಾರ್ಪನಿಂಗ್ ಬೇರೆ ಆಗಿರುತ್ತದೆ, ಅದು ಅಂಚಿಗೆ ಇನ್ನೊಂದು ತಿಳಿ ಗೆರೆ ಎಳೆಯುತ್ತದೆ. ನೀವು ಮಾಸ್ಕನ್ನು ಎಷ್ಟೇ ಸರಿಯಾಗಿ ಮಾಡಿ, ಆ ಪಿಕ್ಸೆಲ್‌ನೊಳಗಿನ ಬಿಳಿ ಅಲ್ಲೇ ಇರುತ್ತದೆ. ಹಿಂದೆ ಬಿಳಿ ಆಕಾಶ ಇದ್ದಾಗ ಯಾರಿಗೂ ಕಾಣಲಿಲ್ಲ. ಕಿತ್ತಳೆ ನೇರಳೆ ಸಂಜೆ ಬಂದ ಕೂಡಲೇ ಗೆರೆಯಾಗಿ ಎದ್ದು ಕಂಡಿತು. ಮಾಸ್ಕ್ ಹೇಳುವುದು ಎಷ್ಟು ಕಾಣಬೇಕು ಎಂದು ಮಾತ್ರ. ಯಾವ ಬಣ್ಣ ಕಾಣಬೇಕು ಎಂದು ಅದು ಹೇಳಲಾರದು.

ಸಾಮಾನ್ಯವಾಗಿ ಹೇಳುವ ಉಪಾಯ ಮಾಸ್ಕನ್ನು ಒಂದು ಪಿಕ್ಸೆಲ್ ಒಳಗೆ ತಳ್ಳುವುದು. ಫಿಲ್ಟರ್ ಮೆನುವಿನ ಅದರ್ ಎಂಬಲ್ಲಿ ಮಿನಿಮಮ್, ಮ್ಯಾಕ್ಸಿಮಮ್ ಎಂದು ಎರಡಿವೆ. ಮಿನಿಮಮ್ ಬಿಳಿಯನ್ನು ಕುಗ್ಗಿಸುತ್ತದೆ, ಮ್ಯಾಕ್ಸಿಮಮ್ ಹಿಗ್ಗಿಸುತ್ತದೆ. ನಿಮ್ಮ ಮಾಸ್ಕ್ ಆಕಾಶದ ಲೇಯರಿನ ಮೇಲಿದೆ, ಅಲ್ಲಿ ಬಿಳಿ ಅಂದರೆ ಆಕಾಶ. ಆದ್ದರಿಂದ ನಿಮಗೆ ಬೇಕಾದದ್ದು ಮ್ಯಾಕ್ಸಿಮಮ್. ವಿಡಿಯೋಗಳಲ್ಲಿ ಮಿನಿಮಮ್ ಎನ್ನುವುದು ಜೋಡಿಯ ಲೇಯರಿಗೆ ಮಾಸ್ಕ್ ಹಾಕಿದವರಿಗೆ. ನೀವು ಅದನ್ನು ಮಾಡಿದರೆ ಗೆರೆ ಇನ್ನೂ ದಪ್ಪ ಆಗುತ್ತದೆ! ಭುಜ, ಸೀರೆ, ಲೈಟ್‌ಹೌಸಿನ ಗೋಡೆಗೆಲ್ಲ ಇದು ಚೆನ್ನಾಗಿ ಹೊಂದುತ್ತದೆ. ಗರಿಗಳಿಗೆ ಬೇಡ. ಗರಿಯ ತುದಿಯೇ ಒಂದೆರಡು ಪಿಕ್ಸೆಲ್, ಅದು ಪೂರ್ತಿ ಹೋಗಿ ಗರಿ ಬೋಳಾಗುತ್ತದೆ.

ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿ ಡಿಕಂಟಾಮಿನೇಟ್ ಕಲರ್ಸ್ ಎಂಬ ಆಯ್ಕೆ ಇದೆ. ಅದು ನಿಜವಾಗಿಯೂ ಅಂಚಿನ ಬಣ್ಣ ಬದಲಿಸುತ್ತದೆ. ಅದಕ್ಕೇ ಅದರ ಫಲ ಹೊಸ ಲೇಯರಿಗೆ ಬರುವುದು. ಕೂದಲಿಗೆ ಒಳ್ಳೆಯದು, ಹೂವಿಗೆ ಮಾತ್ರ ಕೂದಲಿನ ಕಪ್ಪನ್ನು ಬಳಿದುಬಿಡುತ್ತದೆ.

ಆಕಾಶ ನೀಲಿ ಇದ್ದಾಗ ನಾನು ನೀಲಿ ಚಾನೆಲ್‌ಗೆ ಹೋಗುತ್ತೇನೆ. ಅಲ್ಲಿ ಆಕಾಶ ಬಿಳಿಯಾಗಿ, ಗರಿ ಕಪ್ಪಾಗಿ ಕಾಣುತ್ತದೆ. ಆ ಚಾನೆಲನ್ನು ಕಾಪಿ ಮಾಡಿ, ಲೆವೆಲ್ಸ್‌ನಲ್ಲಿ ಕಪ್ಪು ಬಿಳುಪು ಗಟ್ಟಿ ಮಾಡಿ, ಕಂಟ್ರೋಲ್ ಕ್ಲಿಕ್ಕಿನಿಂದ ಸೆಲೆಕ್ಷನ್ ಮಾಡಿ ಮಾಸ್ಕ್ ಹಾಕಿದರೆ ಗರಿಯ ಒಂದೊಂದು ಎಸಳೂ ಸಿಗುತ್ತದೆ. ಕಾಪಿ ಮಾಡದೆ ಮೂಲ ಚಾನೆಲನ್ನೇ ತಿದ್ದಿದರೆ ಫೋಟೋದ ಬಣ್ಣವೇ ಕೆಡುತ್ತದೆ, ಅಷ್ಟು ಎಚ್ಚರ.

ಆದರೆ ನಿಮ್ಮ ಜೂನ್ ಆಕಾಶಕ್ಕೆ ಇದಕ್ಕಿಂತ ಸುಲಭದ ದಾರಿ ಇದೆ. ಬಿಳಿ ಆಕಾಶ ಸಿಕ್ಕಿತು ಎಂದು ಬೇಜಾರು ಮಾಡಿಕೊಂಡಿದ್ದೀರಿ. ಈ ಕೆಲಸಕ್ಕೆ ಅದೇ ಅನುಕೂಲ! ಹೊಸ ಆಕಾಶದ ಬ್ಲೆಂಡ್ ಮೋಡ್ ಅನ್ನು, ಅಂದರೆ ಲೇಯರ್ ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ಮಲ್ಟಿಪ್ಲೈ ಮಾಡಿ. ಮಲ್ಟಿಪ್ಲೈ ಎಂದರೆ ಕೆಳಗಿನ ಬಣ್ಣದ ಜೊತೆ ಗುಣಿಸುವುದು. ಕೆಳಗೆ ಪೂರ್ತಿ ಬಿಳಿ ಇದ್ದಲ್ಲಿ ಹೊಸ ಆಕಾಶ ಇದ್ದ ಹಾಗೇ ಬರುತ್ತದೆ. ಕೆಳಗೆ ಗರಿ ಇದ್ದಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ. ನಡುವಿನ ಬೆರಕೆ ಪಿಕ್ಸೆಲ್‌ಗೆ ಹೊಸ ಆಕಾಶದ ಬಣ್ಣ ತಾನಾಗಿ ಬೆರೆಯುತ್ತದೆ. ಗೆರೆ ಬರಲು ಜಾಗವೇ ಇಲ್ಲ. ಗರಿಗಳ ಸುತ್ತ ಮಾಸ್ಕೇ ಬೇಡ, ಆ ಭಾಗ ಬಿಳಿಯಾಗಿಯೇ ಇರಲಿ. ಜೋಡಿ, ಮರಳು, ಲೈಟ್‌ಹೌಸ್ ಇಷ್ಟರ ಮೇಲೆ ಮಾತ್ರ ಕಪ್ಪು ಹಚ್ಚಿ.

ಇದಕ್ಕೂ ಮಿತಿ ಇದೆ. ಹಳೆ ಆಕಾಶ ಬಿಳಿಯ ಬದಲು ಬೂದು ಇದ್ದರೆ ಹೊಸದು ಮಂಕಾಗುತ್ತದೆ. ಹಾಗಿದ್ದರೆ ಹೊಸ ಆಕಾಶದ ಲೇಯರಿನ ಕೆಳಗೆ ಒಂದು ಕರ್ವ್ಸ್ (ಬೆಳಕು ಹೊಂದಿಸುವ) ಲೇಯರ್ ಹಾಕಿ, ಹಳೆ ಆಕಾಶವನ್ನು ಮೊದಲು ಬಿಳಿ ಮಾಡಿಕೊಳ್ಳಿ. ಸಮುದ್ರದ ನೀರಿನ ಮೇಲೂ ಮಲ್ಟಿಪ್ಲೈ ಬಿದ್ದು ದಿಗಂತದ ಹತ್ತಿರ ಕಪ್ಪಾಗಬಹುದು, ಅಲ್ಲಿ ಗ್ರೇಡಿಯಂಟ್‌ನಿಂದ ಮೆಲ್ಲ ತೆಗೆಯಿರಿ.

ಮಲ್ಲಿಗೆಗೆ ಈ ಉಪಾಯ ನಡೆಯುವುದಿಲ್ಲ. ಬಿಳಿ ಹೂವು, ಹಿಂದೆ ಬಿಳಿ ಆಕಾಶ. ಯಾವ ಚಾನೆಲ್‌ನಲ್ಲೂ ವ್ಯತ್ಯಾಸ ಇಲ್ಲ, ಎಐಗೂ ಸುಲಭಕ್ಕೆ ಕಾಣುವುದಿಲ್ಲ. ಮಲ್ಟಿಪ್ಲೈ ಹಾಕಿದರೆ ಶಂಕರಪುರ ಮಲ್ಲಿಗೆ ಕಿತ್ತಳೆ ಬಣ್ಣದ ಅಬ್ಬಲಿಗೆ ಆಗಿಬಿಡುತ್ತದೆ. ಇಲ್ಲಿ ಕೈಕೆಲಸವೇ ಗತಿ. ಸಮಾಧಾನ ಏನೆಂದರೆ ಹೂವಿನ ಹೆಚ್ಚಿನ ಭಾಗ ಕೂದಲಿನ ಮೇಲೇ ಇರುತ್ತದೆ, ಆಕಾಶಕ್ಕೆ ತಾಗುವುದು ಹೊರಗಿನ ಕೆಲವು ಮೊಗ್ಗು ಮಾತ್ರ. ಶೇ 200 ಝೂಮ್ ಮಾಡಿ, ತೀರಾ ಮೃದುವಲ್ಲದ ಸಣ್ಣ ಬ್ರಷ್ ಹಿಡಿದು, ಒಂದೊಂದು ಮೊಗ್ಗಿನ ಆಕಾರ ಕಪ್ಪಿನಲ್ಲಿ ಬರೆಯಿರಿ. ಸ್ವಲ್ಪ ಬಿಳಿ ಉಳಿದರೂ ಹೂವೇ ಬಿಳಿ, ಯಾರೂ ಗುರುತಿಸುವುದಿಲ್ಲ.

ಆಕಾಶದ ಆಯ್ಕೆ ಬಗ್ಗೆ ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತೇನೆ. ಕಾಪುವಿನಲ್ಲಿ ಕಡಲಿನ ಕಡೆ ಮುಖ ಮಾಡಿದ ಕ್ಯಾಮೆರಾ ಪಶ್ಚಿಮವನ್ನೇ ನೋಡುತ್ತದೆ. ಹಾಗಾಗಿ ಜೋಡಿಯ ಹಿಂದೆ ಸೂರ್ಯಾಸ್ತ ದಿಕ್ಕಿನ ಪ್ರಕಾರ ಸರಿ. ಆದರೆ ಹಿಂದೆ ಅಷ್ಟು ಉರಿಯುವ ಸೂರ್ಯ ಇದ್ದರೆ ಮುಖ ಕತ್ತಲಾಗಿರಬೇಕಿತ್ತು, ಕೂದಲಿನ ಅಂಚು ಹೊಳೆಯಬೇಕಿತ್ತು. ಮೋಡದ ಬೆಳಕಿನಲ್ಲಿ ನೆರಳೇ ಇಲ್ಲದ ಮುಖಕ್ಕೆ ಕೆಂಡದಂಥ ಆಕಾಶ ಹಾಕಿದರೆ ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ ಅಂಟಿಸಿದ ಹಾಗೆ ಕಾಣುತ್ತದೆ. ದಿಗಂತದ ಹತ್ತಿರ ತಿಳಿಯಾಗಿ, ಮೇಲೆ ಹೋದ ಹಾಗೆ ಮೋಡದ ಪದರ ಕಾಣುವ, ಸಣ್ಣಗೆ ಗುಲಾಬಿ ಇರುವ ಆಕಾಶ ಹುಡುಕಿ. ತಲೆಯ ಹತ್ತಿರ ಆಕಾಶ ತಿಳಿಯಾಗಿದ್ದರೆ ಅಂಚಿನ ಅರ್ಧ ತೊಂದರೆ ತಾನಾಗಿ ಕರಗುತ್ತದೆ. ಒದ್ದೆ ಮರಳನ್ನೂ ಮರೆಯಬೇಡಿ. ಅದು ಆಕಾಶವನ್ನು ಕನ್ನಡಿಯಂತೆ ತೋರಿಸುತ್ತದೆ. ಆಕಾಶದ ಕಾಪಿಯನ್ನು ತಲೆಕೆಳಗು ಮಾಡಿ, ಕಡಿಮೆ ಅಪಾಸಿಟಿಯಲ್ಲಿ ಮರಳಿನ ಮೇಲೆ ಹಾಕಿ.

ಎರಡು ಆವೃತ್ತಿ ಮಾಡಿ ಮನೆಯವರಿಗೆ ತೋರಿಸಿ: ಒಂದು ಸಂಜೆಯದ್ದು, ಒಂದು ಹಳೆ ಆಕಾಶಕ್ಕೇ ಸ್ವಲ್ಪ ಕಾಂಟ್ರಾಸ್ಟ್ ಕೊಟ್ಟದ್ದು. ಎರಡನೆಯದನ್ನೇ ಒಪ್ಪುವವರು ಎಷ್ಟೋ ಜನ. ಆಲ್ಬಮಿನ ಎಲ್ಲ ಪುಟದಲ್ಲೂ ಒಂದೇ ಸ್ಟಾಕ್ ಆಕಾಶ ಕಂಡರೆ ಚೆನ್ನಾಗಿರುವುದಿಲ್ಲ, ಅಲ್ವಾ?

ಕೊನೆಗೆ ಆ ಜೆಪೆಗ್. ಅದರಲ್ಲಿ ಲೇಯರ್ ಇರುವುದಿಲ್ಲ, ಮಾಸ್ಕ್ ಇರುವುದಿಲ್ಲ. ಸೇವ್ ಮಾಡುವಾಗಲೇ ಎಲ್ಲ ಒಂದಾಗಿ ಬೆರೆತುಹೋಗುತ್ತದೆ. ಅದರಿಂದ ಮಾಸ್ಕ್ ವಾಪಸ್ ತರುವ ದಾರಿ ಇಲ್ಲ. ಕೆಲಸದ ಫೈಲನ್ನು ಯಾವಾಗಲೂ ಫೋಟೋಶಾಪ್‌ನದ್ದೇ ಆದ ಪಿಎಸ್‌ಡಿಯಲ್ಲಿ ಇಡಿ, ಪ್ರೆಸ್ಸಿಗೆ ಮಾತ್ರ ಜೆಪೆಗ್ ಕಳಿಸಿ. 2 ಜಿಬಿ ದಾಟಿದರೆ ಪಿಎಸ್‌ಡಿಯಲ್ಲಿ ಸೇವ್ ಆಗುವುದಿಲ್ಲ, ಆಗ ದೊಡ್ಡ ಫೈಲಿಗೆಂದೇ ಇರುವ ಪಿಎಸ್‌ಬಿ. ಮಾಸ್ಕನ್ನು ಕಸದ ಬುಟ್ಟಿಗೆ ಎಳೆದಾಗ ಫೋಟೋಶಾಪ್ ಒಂದು ಪ್ರಶ್ನೆ ಕೇಳುತ್ತದೆ. ಅಪ್ಲೈ ಒತ್ತಿದರೆ ಮರೆಯಾದ ಭಾಗ ಇರೇಸರ್‌ನಲ್ಲಿ ಅಳಿಸಿದ ಹಾಗೆಯೇ ಹೋಗುತ್ತದೆ, ಡಿಲೀಟ್ ಒತ್ತಿದರೆ ಮಾಸ್ಕ್ ಮಾತ್ರ ಹೋಗಿ ಪೂರ್ತಿ ಚಿತ್ರ ವಾಪಸ್ ಬರುತ್ತದೆ.

ಆ ಒಂದು ಫೋಟೋವನ್ನು ಮೂಲ ಫೈಲಿನಿಂದ ಮತ್ತೆ ಶುರು ಮಾಡಬೇಕು. ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೈಲ್) ಇದ್ದರೆ ಅದರಿಂದಲೇ ಮಾಡಿ, ಶಾರ್ಪನಿಂಗ್ ಕೊನೆಗೆ ಇಟ್ಟುಕೊಳ್ಳಿ. ಅಣ್ಣ ಮುಂದಿನ ಕೆಲಸಕ್ಕೆಂದು ಕಾರ್ಡ್ ಫಾರ್ಮ್ಯಾಟ್ ಮಾಡುವ ಮುಂಚೆ, ಇವತ್ತೇ ಕೇಳಿ.